ಕ್ಯಾಲಿಫೋರ್ನಿಯಾದಲ್ಲಿ ವಾಸದ ಮನೆ ಮಾರುವಾಗ ರಾಜ್ಯದ ಆದಾಯ ತೆರಿಗೆ ವಿನಾಯಿತಿ: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ರಮೋನ್ ಕಡೆ ಮನೆ ಮಾರಿದ ನಮ್ಮವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ: "18 ಲಕ್ಷ ಡಾಲರಿಗೆ ಮನೆ ಹೋಯಿತು. ಎಸ್ಕ್ರೋದವರು ರಾಜ್ಯದ ತೆರಿಗೆ ಅಂತ 60 ಸಾವಿರ ಹಿಡಿದುಕೊಂಡರು. ಇಷ್ಟು ವರ್ಷ ನಾವೇ ವಾಸವಿದ್ದ ಮನೆಗೂ ಹೀಗೆ ಹಿಡಿಯುತ್ತಾರಾ?"

ಎಸ್ಕ್ರೋ ಅಂದರೆ ಮಾರಾಟ ಮುಗಿಯುವವರೆಗೆ ಹಣ, ಕಾಗದ ಇಟ್ಟುಕೊಳ್ಳುವ ಮಧ್ಯಸ್ಥ ಸಂಸ್ಥೆ. ಲೆಕ್ಕವೇನೋ ಸರಿಯಾಗಿಯೇ ಇದೆ. ಮಾರಾಟದ ಬೆಲೆಯ 3⅓ ಶೇಕಡಾ ಅಂದರೆ ಅಷ್ಟೇ ಆಗುತ್ತದೆ. ಆದರೆ ಹಿಡಿಯುವ ಅಗತ್ಯವೇ ಇರಲಿಲ್ಲ. ಒಂದು ಫಾರ್ಮಿನಲ್ಲಿ ಸರಿಯಾದ ಚೌಕಕ್ಕೆ ಗುರುತು ಹಾಕಿ, ಸಹಿ ಮಾಡಿ, ಎಸ್ಕ್ರೋ ಮುಗಿಯುವ ಮುಂಚೆ ಕೊಟ್ಟಿದ್ದರೆ ಆ ಹಣ ಅವರ ಕೈಯಲ್ಲೇ ಉಳಿಯುತ್ತಿತ್ತು. ಈಗ ಮುಂದಿನ ವರ್ಷ ರಿಟರ್ನ್ ಹಾಕಿ ವಾಪಸ್ ಪಡೆಯುವವರೆಗೆ ಕಾಯಬೇಕು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ನಡೆಯುತ್ತದೆ. ಎಸ್ಕ್ರೋದವರು ಏನೂ ಹಿಡಿಯಲಿಲ್ಲ, ಹಾಗಾಗಿ ತೆರಿಗೆಯೇ ಇಲ್ಲ ಅಂದುಕೊಂಡು ಹಣವೆಲ್ಲ ಹೊಸ ಮನೆಗೆ ಹಾಕಿ, ಏಪ್ರಿಲ್‌ನಲ್ಲಿ ಲಕ್ಷ ಡಾಲರಿನ ಬಿಲ್ ನೋಡಿ ಕಂಗಾಲಾಗುವವರಿದ್ದಾರೆ. ಎರಡೂ ಕಡೆ ಆಗುವ ಎಡವಟ್ಟು ಒಂದೇ: ವಿತ್‌ಹೋಲ್ಡಿಂಗ್ (ತೆರಿಗೆಗೆಂದು ಮುಂಗಡವಾಗಿ ಹಿಡಿಯುವ ಹಣ) ಬೇರೆ, ತೆರಿಗೆ ಬೇರೆ ಎಂಬುದು ಗೊತ್ತಿಲ್ಲದೆ, ಕೆಲಸವನ್ನು ರಿಟರ್ನ್ ತುಂಬುವ ಕಾಲಕ್ಕೆ ಮುಂದೂಡುವುದು. ಈ ವಿನಾಯಿತಿಯ ಮುಕ್ಕಾಲು ಪಾಲು ಕೆಲಸ ಕ್ಲೋಸಿಂಗ್‌ಗೆ, ಅಂದರೆ ಮಾರಾಟ ಅಂತಿಮವಾಗುವ ದಿನಕ್ಕೆ, ಮುಂಚೆಯೇ ಮುಗಿಯಬೇಕು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ.

## ಶುರು ಮಾಡುವ ಮುಂಚೆ: ಮೂರು ತಪ್ಪು ಕಲ್ಪನೆ

ಭಾರತದಲ್ಲಿ ಮನೆ ಮಾರಿದರೆ ಲಾಭದ ಹಣವನ್ನು ಗೊತ್ತಾದ ಅವಧಿಯೊಳಗೆ ಇನ್ನೊಂದು ಮನೆಗೆ ಹಾಕಿದರೆ ತೆರಿಗೆ ಉಳಿಯುತ್ತದೆ. ಕಲಂ 54 ಎಂದೇ ನಮಗೆಲ್ಲ ಗೊತ್ತಿರುವ ನಿಯಮ ಅದು. ಅದೇ ಲೆಕ್ಕವನ್ನು ಇಲ್ಲಿಗೂ ತಂದು, ಅವಸರದಲ್ಲಿ ಇನ್ನೊಂದು ಮನೆ ಕೊಳ್ಳುವವರನ್ನು ನೋಡಿದರೆ ಸಂಕಟವಾಗುತ್ತದೆ. ಅಮೆರಿಕದಲ್ಲಿ ವಾಸದ ಮನೆ ಮಾರಿದ ಮೇಲೆ ಮತ್ತೊಂದು ಮನೆ ಕೊಳ್ಳಬೇಕೆಂಬ ಷರತ್ತಿಲ್ಲ. ಕೊಂಡರೂ ಅದರಿಂದ ಹೆಚ್ಚಿನ ವಿನಾಯಿತಿ ಸಿಗುವುದಿಲ್ಲ. ಹಣ ಬ್ಯಾಂಕಿನಲ್ಲಿಟ್ಟು ಬಾಡಿಗೆ ಮನೆಗೆ ಹೋದರೂ ವಿನಾಯಿತಿ ಅಷ್ಟೇ.

1031 ಎಕ್ಸ್‌ಚೇಂಜ್ (ಒಂದು ಆಸ್ತಿ ಕೊಟ್ಟು ಇನ್ನೊಂದು ಕೊಂಡು ತೆರಿಗೆ ಮುಂದೂಡುವುದು) ಎಂದು ಯಾರಾದರೂ ಹೇಳಿದರೆ, ಅದು ಬಾಡಿಗೆಗೆ ಅಥವಾ ವ್ಯಾಪಾರಕ್ಕೆ ಇಟ್ಟ ಆಸ್ತಿಗೆ. ನೀವು ವಾಸವಿರುವ ಮನೆಗೆ ಅನ್ವಯಿಸುವುದಿಲ್ಲ.

ಪ್ರೊಪೊಸಿಷನ್ 19 ಕೂಡ ಇದಲ್ಲ. 55 ದಾಟಿದವರು ಹಳೆ ಮನೆಯ ಪ್ರಾಪರ್ಟಿ ಟ್ಯಾಕ್ಸ್ ಮೌಲ್ಯವನ್ನು ಹೊಸ ಮನೆಗೆ ಒಯ್ಯಲು ಇರುವ ದಾರಿ ಅದು. ಅದರ ಅರ್ಜಿ ಕೌಂಟಿಗೆ ಹೋಗುತ್ತದೆ. ಆದಾಯ ತೆರಿಗೆಗೂ ಅದಕ್ಕೂ ಸಂಬಂಧವಿಲ್ಲ.

## ಕೈಯಲ್ಲಿ ಇರಬೇಕಾದ ಕಾಗದಗಳು

ಮನೆ ಕೊಂಡಾಗಿನ ಕ್ಲೋಸಿಂಗ್ ಸ್ಟೇಟ್‌ಮೆಂಟ್, ಡೀಡ್‌ನ (ಒಡೆತನ ಪತ್ರದ) ಪ್ರತಿ, ರಿಪೇರಿ ಮತ್ತು ರಿಮಾಡೆಲ್ ಬಿಲ್‌ಗಳು, ಸಿಟಿಯಿಂದ ಪಡೆದ ಪರ್ಮಿಟ್‌ಗಳು, ಬಾಡಿಗೆಗೆ ಕೊಟ್ಟಿದ್ದರೆ ಆ ವರ್ಷಗಳ ರಿಟರ್ನ್‌ಗಳು (ಡಿಪ್ರಿಸಿಯೇಶನ್, ಅಂದರೆ ವರ್ಷವರ್ಷ ಕಳೆಯುವ ಸವಕಳಿಯ ಹಾಳೆ ಸಮೇತ), ನೀವು ಅಲ್ಲೇ ಇದ್ದಿರಿ ಎಂದು ತೋರಿಸುವ ವಿದ್ಯುತ್, ನೀರಿನ ಬಿಲ್‌ಗಳು. ಊರಿಗೆ ಹೋಗಿಬಂದ ಲೆಕ್ಕಕ್ಕೆ ಪಾಸ್‌ಪೋರ್ಟ್ ಮುದ್ರೆಗಳೂ ಬೇಕಾಗಬಹುದು. ಮನೆ ಲಿಸ್ಟ್ ಮಾಡುವ (ಮಾರಾಟಕ್ಕಿಡುವ) ಮುಂಚೆ ಇವನ್ನು ಒಂದು ಫೋಲ್ಡರಿಗೆ ಹಾಕಿ. ಪ್ಯಾಕಿಂಗ್ ಶುರುವಾದ ಮೇಲೆ ಯಾವ ಡಬ್ಬದಲ್ಲಿ ಏನಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

## ಹಂತ 1: ಎರಡು ವರ್ಷದ ಲೆಕ್ಕ ಹಾಕಿ

ಫೆಡರಲ್ ಕಾಯ್ದೆಯ ಸೆಕ್ಷನ್ 121 ಪ್ರಕಾರ ಒಬ್ಬರೇ ಇದ್ದರೆ 2.5 ಲಕ್ಷ ಡಾಲರ್, ಗಂಡಹೆಂಡತಿ ಜಂಟಿ ರಿಟರ್ನ್ ಹಾಕಿದರೆ 5 ಲಕ್ಷ ಡಾಲರ್ ಲಾಭಕ್ಕೆ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾ ಇದೇ ನಿಯಮವನ್ನು ತನ್ನ ತೆರಿಗೆಗೂ ಒಪ್ಪಿಕೊಂಡಿದೆ. ಈ ಮಿತಿ 1997ರಿಂದ ಒಂದು ಡಾಲರ್ ಕೂಡ ಏರಿಲ್ಲ. ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶದ) ಬೆಲೆಗಳಿಗೆ ಅದು ಸಾಲದೆ ಬರುವುದು ಅದಕ್ಕೇ.

ಷರತ್ತು ಇಷ್ಟು: ಮಾರಿದ ದಿನದಿಂದ ಹಿಂದಕ್ಕೆ ಎಣಿಸಿದ 5 ವರ್ಷಗಳಲ್ಲಿ, ಒಟ್ಟು 24 ತಿಂಗಳು (ಅಥವಾ 730 ದಿನ) ಮನೆ ನಿಮ್ಮ ಹೆಸರಿನಲ್ಲಿರಬೇಕು, ಒಟ್ಟು 24 ತಿಂಗಳು ನೀವು ಅದನ್ನೇ ಮುಖ್ಯ ಮನೆಯಾಗಿ ಮಾಡಿಕೊಂಡು ವಾಸವಿರಬೇಕು. ಒಂದೇ ಸಮ ಇರಬೇಕೆಂದಿಲ್ಲ. ಹಿಂದಿನ ಎರಡು ವರ್ಷದಲ್ಲಿ ಬೇರೆ ಮನೆಗೆ ಇದೇ ವಿನಾಯಿತಿ ಬಳಸಿರಬಾರದು. ಜಂಟಿ ರಿಟರ್ನ್‌ನಲ್ಲಿ ಒಬ್ಬರ ಹೆಸರಿನಲ್ಲಿ ಮನೆ ಇದ್ದರೂ ಸಾಕು, ಆದರೆ ವಾಸದ ಷರತ್ತನ್ನು ಇಬ್ಬರೂ ಪೂರೈಸಬೇಕು. ಮದುವೆಯಾಗಿ ಒಂದೇ ವರ್ಷಕ್ಕೆ ಮನೆ ಮಾರುವವರು ಇಲ್ಲಿ ಎಡವುತ್ತಾರೆ. ಸಂಗಾತಿ ಆ ಮನೆಯಲ್ಲಿ ಎರಡು ವರ್ಷ ಇದ್ದಿರದಿದ್ದರೆ 5 ಲಕ್ಷ ಸಿಗುವುದಿಲ್ಲ, 2.5 ಲಕ್ಷವಷ್ಟೇ.

ಊರಿಗೆ ಹೋದ ದಿನಗಳ ಕತೆಯೇನು? ಬೇಸಿಗೆ ರಜೆಗೆ ಎರಡು ತಿಂಗಳು ಮೈಸೂರಿಗೆ ಹೋಗಿಬಂದರೆ ಅದು ತಾತ್ಕಾಲಿಕ ಗೈರುಹಾಜರಿ, ವಾಸದ ಲೆಕ್ಕಕ್ಕೇ ಸೇರುತ್ತದೆ. ಒಂದು ವರ್ಷ ಪೂರ್ತಿ ಹೋಗಿ ಇದ್ದರೆ ಸೇರುವುದಿಲ್ಲ. ಫೆಡರಲ್ ನಿಯಮಾವಳಿಯಲ್ಲೇ ಇದಕ್ಕೆ ಉದಾಹರಣೆ ಇದೆ: ಒಂದು ವರ್ಷದ ಸಬ್ಬಾಟಿಕಲ್‌ಗೆಂದು ಹೊರದೇಶಕ್ಕೆ ಹೋದ ಪ್ರಾಧ್ಯಾಪಕರಿಗೆ ಆ ವರ್ಷ ಎಣಿಕೆಗೆ ಬರಲಿಲ್ಲ. ಮಕ್ಕಳನ್ನು ಬೆಂಗಳೂರಿನ ಶಾಲೆಗೆ ಹಾಕಿ "ಒಂದು ವರ್ಷ ನೋಡೋಣ" ಎಂದು ಹೋಗಿದ್ದವರು ಇದನ್ನು ಗಮನಿಸಿ.

ಎಚ್ಚರಿಕೆಯ ಗುರುತು: ಡೀಡ್‌ನಲ್ಲಿ ಮೂರನೆಯ ಹೆಸರು. ಲೋನ್ ಸಲೀಸಾಗಲಿ ಎಂದು ಅಪ್ಪನನ್ನೋ ಅಣ್ಣನನ್ನೋ ಸಹಮಾಲೀಕರನ್ನಾಗಿ ಸೇರಿಸಿದ್ದರೆ, ಅವರ ಪಾಲಿನ ಲಾಭ ಅವರದು. ಆ ಮನೆಯಲ್ಲಿ ಅವರು ವಾಸವಿರದಿದ್ದರೆ ಅವರ ಪಾಲಿಗೆ ವಿನಾಯಿತಿ ಇಲ್ಲ. ಲಿಸ್ಟ್ ಮಾಡುವ ಮುಂಚೆ ಡೀಡ್ ತೆಗೆದು ಓದಿ. ಕುಟುಂಬದ ಲಿವಿಂಗ್ ಟ್ರಸ್ಟ್ ಹೆಸರಿನಲ್ಲಿದ್ದರೆ, ಅದು ರದ್ದು ಮಾಡಬಹುದಾದ ಟ್ರಸ್ಟ್ ಆಗಿದ್ದಲ್ಲಿ ತೊಂದರೆ ಇಲ್ಲ, ಮನೆ ನಿಮ್ಮದೇ ಎಂದು ಲೆಕ್ಕ.

## ಹಂತ 2: ಬೇಸಿಸ್ ಕಟ್ಟಿ

ನಾನು ಅತಿ ಹೆಚ್ಚು ಒತ್ತು ಕೊಡುವ ಹಂತ ಇದು. ಜನ ಅತಿ ಕಡಿಮೆ ಸಮಯ ಕೊಡುವುದೂ ಇದಕ್ಕೇ. ಬೇಸಿಸ್ ಅಂದರೆ ತೆರಿಗೆಯ ದೃಷ್ಟಿಯಲ್ಲಿ ಮನೆಗೆ ನೀವು ಹಾಕಿದ ಬಂಡವಾಳ. ಕೊಂಡ ಬೆಲೆ, ಕೊಳ್ಳುವಾಗ ಕೊಟ್ಟ ಕೆಲವು ಖರ್ಚು, ಆಮೇಲೆ ಮಾಡಿಸಿದ ಸುಧಾರಣೆಗಳ ಮೊತ್ತ.

ಕೊಂಡಾಗಿನ ಕ್ಲೋಸಿಂಗ್ ಸ್ಟೇಟ್‌ಮೆಂಟ್ ತೆರೆದು ಒಂದೊಂದೇ ಸಾಲು ನೋಡಿ. ನೀವು ಕೊಟ್ಟ ಟೈಟಲ್ ಇನ್ಶೂರೆನ್ಸ್, ರೆಕಾರ್ಡಿಂಗ್ ಶುಲ್ಕ, ಟ್ರಾನ್ಸ್‌ಫರ್ ಟ್ಯಾಕ್ಸ್ ಬೇಸಿಸ್‌ಗೆ ಸೇರುತ್ತವೆ. ಲೋನ್‌ಗೆ ಸಂಬಂಧಿಸಿದ ಖರ್ಚು, ಅಂದರೆ ಬ್ಯಾಂಕಿನವರ ಅಪ್ರೈಸಲ್, ಮಾರ್ಟ್‌ಗೇಜ್ ಇನ್ಶೂರೆನ್ಸ್ ಇತ್ಯಾದಿ ಸೇರುವುದಿಲ್ಲ. ಕಟ್ಟಿದ ಬಡ್ಡಿಯಾಗಲಿ, ವರ್ಷವರ್ಷದ ಪ್ರಾಪರ್ಟಿ ಟ್ಯಾಕ್ಸ್ ಆಗಲಿ ಸೇರುವುದಿಲ್ಲ.

ಸುಧಾರಣೆ ಮತ್ತು ರಿಪೇರಿ ನಡುವಿನ ಗೆರೆ ಮುಖ್ಯ. ಹೊಸ ಛಾವಣಿ, ಅಡುಗೆಮನೆ ರಿಮಾಡೆಲ್, ಬಚ್ಚಲುಮನೆ ಹೊಸದಾಗಿ ಮಾಡಿಸಿದ್ದು, ಡಬಲ್ ಪೇನ್ ಕಿಟಕಿ, ಹೊಸ ಎಸಿ ಮತ್ತು ಫರ್ನೇಸ್, ಗಟ್ಟಿಮರದ ನೆಲ, ಹಿತ್ತಿಲಿಗೆ ಪೇವರ್ ಹಾಸಿ ಬೇಲಿ ಹಾಕಿಸಿದ್ದು, ಇವಕ್ಕೆ ಕೊಟ್ಟ ಪರ್ಮಿಟ್ ಶುಲ್ಕ ಎಲ್ಲ ಸೇರುತ್ತವೆ. ಬಡಗಿಯಿಂದ ಗೋಡೆಗೆ ಕೂರಿಸಿ ಮಾಡಿಸಿದ ದೇವರಮನೆಯ ಕಪಾಟು ಮನೆಯೊಂದಿಗೇ ಹೋಗುವುದರಿಂದ ಅದೂ ಸೇರುತ್ತದೆ. ಇಂಡಿಯಾದಿಂದ ತರಿಸಿದ ಬಿಡಿ ಮಂಟಪ ಸೇರುವುದಿಲ್ಲ. ಬರೀ ಬಣ್ಣ ಬಳಿಸಿದ್ದು, ಸೋರುವ ನಲ್ಲಿ ಸರಿ ಮಾಡಿಸಿದ್ದು, ಒಡೆದ ಗಾಜು ಬದಲಿಸಿದ್ದು ರಿಪೇರಿ, ಲೆಕ್ಕಕ್ಕಿಲ್ಲ. ಸೋಲಾರ್ ಹಾಕಿಸಿ ಫೆಡರಲ್ ಕ್ರೆಡಿಟ್ ಪಡೆದಿದ್ದರೆ ಫೆಡರಲ್ ಬೇಸಿಸ್‌ಗೆ ಪೂರ್ತಿ ಬೆಲೆ ಸೇರಿಸಬೇಡಿ, ಕ್ರೆಡಿಟ್ ಕಳೆದು ಉಳಿದದ್ದನ್ನು ಸೇರಿಸಿ. ಟೌನ್‌ಹೌಸ್‌ನವರು ಎಚ್‌ಒಎ (ಮನೆಮಾಲೀಕರ ಸಂಘ) ಸುಧಾರಣೆಗೆಂದು ವಿಶೇಷವಾಗಿ ಎತ್ತಿದ ಮೊತ್ತವನ್ನು ಮರೆಯಬೇಡಿ.

ಬಿಲ್ ಕಳೆದುಹೋಗಿದೆಯೇ? ಕೈಚೆಲ್ಲಬೇಡಿ. ಸಿಟಿಯ ಬಿಲ್ಡಿಂಗ್ ವಿಭಾಗದ ದಾಖಲೆಯಲ್ಲಿ ನಿಮ್ಮ ವಿಳಾಸಕ್ಕೆ ಕೊಟ್ಟ ಪರ್ಮಿಟ್‌ಗಳು ಸಿಗುತ್ತವೆ, ಅದರಲ್ಲಿ ಕೆಲಸದ ವಿವರ, ತಾರೀಕು ಇರುತ್ತದೆ. ಬ್ಯಾಂಕ್ ಮತ್ತು ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಕಾಂಟ್ರಾಕ್ಟರ್‌ಗೆ ಹೋದ ಹಣ ಸಿಗುತ್ತದೆ. ಅವರೊಂದಿಗಿನ ಇಮೇಲ್, ಕೆಲಸಕ್ಕೆ ಮುಂಚಿನ ಮತ್ತು ಆಮೇಲಿನ ಫೋಟೋ ಸೇರಿಸಿ. ಒಂದು ಸ್ಪ್ರೆಡ್‌ಶೀಟ್ ಮಾಡಿ: ತಾರೀಕು, ಕೆಲಸ, ಯಾರಿಗೆ ಕೊಟ್ಟದ್ದು, ಎಷ್ಟು, ಪುರಾವೆ ಯಾವ ಫೈಲ್. ಪುರಾವೆಯ ಕಾಲಂ ಖಾಲಿ ಇರುವ ಸಾಲನ್ನು ಒಟ್ಟಿಗೆ ಸೇರಿಸಬೇಡಿ.

ಇಷ್ಟು ಶ್ರಮ ಯಾಕೆ ಎಂದರೆ, ಲಾಭ ಮಿತಿ ದಾಟಿದವರಿಗೆ ಪ್ರತಿ 10,000 ಡಾಲರಿನ ಬಿಲ್‌ಗೂ ಬೆಲೆ ಇದೆ. ಕ್ಯಾಲಿಫೋರ್ನಿಯಾ 9.3, ಫೆಡರಲ್ 15, ಜೊತೆಗೆ ನೆಟ್ ಇನ್ವೆಸ್ಟ್‌ಮೆಂಟ್ ಇನ್‌ಕಮ್ ಟ್ಯಾಕ್ಸ್ (ಹೂಡಿಕೆ ಆದಾಯದ ಮೇಲಿನ ಹೆಚ್ಚುವರಿ ಫೆಡರಲ್ ತೆರಿಗೆ) 3.8 ಶೇಕಡಾ ಕಟ್ಟುವ ಕುಟುಂಬಕ್ಕೆ ಅಂಥ ಒಂದು ಬಿಲ್ ಸಿಕ್ಕರೆ 2,810 ಡಾಲರ್ ಉಳಿಯುತ್ತದೆ.

## ಹಂತ 3: ಬಾಡಿಗೆ ಮತ್ತು ಹೋಮ್ ಆಫೀಸ್ ಇತಿಹಾಸ ಬರೆದಿಡಿ

ಮನೆಯನ್ನು ಎಂದೂ ಬಾಡಿಗೆಗೆ ಕೊಡದವರು, ಹೋಮ್ ಆಫೀಸ್ ಎಂದು ಖರ್ಚು ತೋರಿಸದವರು ಇದನ್ನು ಬಿಟ್ಟು ಮುಂದೆ ಹೋಗಬಹುದು.

ಬಾಡಿಗೆಗೆ ಕೊಟ್ಟಿದ್ದರೆ ಯಾವುದು ಮೊದಲು ಎಂಬುದರ ಮೇಲೆ ಫಲ ಬದಲಾಗುತ್ತದೆ. ಮೊದಲು ವಾಸ, ಆಮೇಲೆ ಬಾಡಿಗೆ, ಕೊನೆಗೆ ಮಾರಾಟ ಆದರೆ, 5 ವರ್ಷದ ಕಿಟಕಿಯೊಳಗೆ 24 ತಿಂಗಳ ವಾಸ ಇರುವವರೆಗೆ ಆ ಬಾಡಿಗೆ ಅವಧಿ ವಿನಾಯಿತಿಯ ಪ್ರಮಾಣವನ್ನು ಕಡಿಮೆ ಮಾಡುವುದಿಲ್ಲ. ಮೊದಲು ಬಾಡಿಗೆ, ಆಮೇಲೆ ವಾಸ ಆದರೆ ಮಾಡುತ್ತದೆ. ಉದಾಹರಣೆಗೆ 10 ವರ್ಷ ಒಡೆತನ, ಮೊದಲ 4 ವರ್ಷ ಬಾಡಿಗೆ, ಆಮೇಲೆ 6 ವರ್ಷ ವಾಸ, ಲಾಭ 7 ಲಕ್ಷ ಎಂದುಕೊಳ್ಳಿ. ಹತ್ತರಲ್ಲಿ ನಾಲ್ಕು ಪಾಲು, ಅಂದರೆ 2.8 ಲಕ್ಷ, ವಿನಾಯಿತಿಗೆ ಬರುವುದೇ ಇಲ್ಲ. ಉಳಿದ 4.2 ಲಕ್ಷ ದಂಪತಿಯ ಮಿತಿಯೊಳಗಿರುವುದರಿಂದ ಪೂರ್ತಿ ಬಿಟ್ಟುಹೋಗುತ್ತದೆ. 2009ರ ಜನವರಿ 1ರಿಂದ ಈಚಿನ ಅವಧಿಗೆ ಮಾತ್ರ ಈ ಕಡಿತ.

ಡಿಪ್ರಿಸಿಯೇಶನ್ ಇನ್ನೊಂದು ಮೂಲೆ. ಬಾಡಿಗೆ ವರ್ಷಗಳಲ್ಲಿ ಡಿಪ್ರಿಸಿಯೇಶನ್ ತೋರಿಸಿದ್ದರೆ, ಅಷ್ಟು ಮೊತ್ತದ ಲಾಭಕ್ಕೆ ವಿನಾಯಿತಿ ಸಿಗುವುದಿಲ್ಲ, ನಿಮ್ಮ ಒಟ್ಟು ಲಾಭ ಒಂದು ಲಕ್ಷವೇ ಇದ್ದರೂ. "ನಾನು ಡಿಪ್ರಿಸಿಯೇಶನ್ ಹಾಕೇ ಇರಲಿಲ್ಲ" ಎಂದು ಬಾಯಿಮಾತಿಗೆ ಹೇಳಿದರೆ ಸಾಲದು, ಅದನ್ನು ದಾಖಲೆಯಿಂದ ತೋರಿಸದಿದ್ದರೆ ಹಾಕಲು ಅವಕಾಶವಿದ್ದ ಮೊತ್ತವನ್ನೂ ಕಾಯ್ದೆ ಎಣಿಸುತ್ತದೆ. ಹೀಗೆ ಬಿಟ್ಟವರು ಮಾರುವ ಮುಂಚೆ ಸಿಪಿಎ (ಲೆಕ್ಕಪರಿಶೋಧಕ) ಬಳಿ ಹೋಗಿ ಸರಿಪಡಿಸಿಕೊಳ್ಳಬೇಕು.

## ಹಂತ 4: ಲಾಭದ ಅಂದಾಜು ಹಾಕಿ

ಇದನ್ನು ಆಫರ್ ಒಪ್ಪಿಕೊಂಡ ದಿನವೇ ಮಾಡಿ. ಒಂದು ಊಹೆಯ ಲೆಕ್ಕ ತೆಗೆದುಕೊಳ್ಳೋಣ. 2011ರಲ್ಲಿ 8.5 ಲಕ್ಷ ಡಾಲರಿಗೆ ಕೊಂಡ ಮನೆ, ಕೊಳ್ಳುವಾಗಿನ ಖರ್ಚು 10 ಸಾವಿರ, ಸುಧಾರಣೆ 1.2 ಲಕ್ಷ. ಬೇಸಿಸ್ 9.8 ಲಕ್ಷ. ಈಗ 22 ಲಕ್ಷಕ್ಕೆ ಮಾರಾಟ, ಏಜೆಂಟ್ ಕಮಿಷನ್ ಮತ್ತು ಮಾರುವ ಇತರ ಖರ್ಚು 1.1 ಲಕ್ಷ. ಲಾಭ 11.1 ಲಕ್ಷ. ದಂಪತಿಯ ವಿನಾಯಿತಿ 5 ಲಕ್ಷ ಕಳೆದರೆ 6.1 ಲಕ್ಷಕ್ಕೆ ತೆರಿಗೆ.

ಗಮನಿಸಿ, ತೀರಿಸಬೇಕಾದ ಲೋನ್ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ. "ಲೋನ್ ತೀರಿಸಿ ಕೈಗೆ ಬಂದದ್ದು ಇಷ್ಟೇ, ಅದು 5 ಲಕ್ಷದೊಳಗೇ ಇದೆ" ಎಂಬ ಮಾತು ತುಂಬ ಕೇಳಿಬರುತ್ತದೆ. ಕೈಗೆ ಬಂದ ಹಣ ಬೇರೆ, ಲಾಭ ಬೇರೆ. ರೀಫೈನಾನ್ಸ್ ಮಾಡಿ ಹಣ ತೆಗೆದಿದ್ದವರಿಗೆ ಇದರಿಂದ ದೊಡ್ಡ ಪೆಟ್ಟು ಬೀಳುತ್ತದೆ.

ಇನ್ನೊಂದು ವಿಷಯ: ಫೆಡರಲ್‌ನಲ್ಲಿ ದೀರ್ಘಾವಧಿ ಲಾಭಕ್ಕೆ ಕಡಿಮೆ ದರ ಇದೆ. ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಸಂಬಳದ ಮೇಲೆ ಬೀಳುವ ದರವೇ ಇದಕ್ಕೂ ಬೀಳುತ್ತದೆ, ಮೇಲಿನ ತುದಿಯಲ್ಲಿ ಅದು 13.3 ಶೇಕಡಾ ತನಕ ಹೋಗುತ್ತದೆ. ಅದೇ ವರ್ಷ ಆರ್‌ಎಸ್‌ಯು (ಕಂಪನಿ ಸಂಬಳದ ಭಾಗವಾಗಿ ಕೊಡುವ ಷೇರು) ಜೋರಾಗಿ ವೆಸ್ಟ್ ಆಗುವುದಿದ್ದರೆ, ಅಂದರೆ ಕೈಸೇರುವುದಿದ್ದರೆ, ಎರಡೂ ಸೇರಿ ಮೇಲಿನ ದರಕ್ಕೆ ತಳ್ಳುತ್ತವೆ. ಕ್ಲೋಸಿಂಗ್ ಡಿಸೆಂಬರ್ ಕೊನೆಗೆ ಬೀಳುತ್ತಿದ್ದರೆ ಜನವರಿಗೆ ಹಾಕಿಸಿಕೊಳ್ಳುವುದು ಲಾಭವೇ ಎಂದು ಈಗಲೇ ಲೆಕ್ಕ ಹಾಕಿ.

## ಹಂತ 5: ಫಾರ್ಮ್ 593ಕ್ಕೆ ಸಹಿ, ಎಸ್ಕ್ರೋ ಮುಗಿಯುವ ಮುಂಚೆ

ಇದು ಕ್ಯಾಲಿಫೋರ್ನಿಯಾದ ಆದಾಯ ತೆರಿಗೆ ಇಲಾಖೆಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್‌ನ, ಅಂದರೆ ಎಫ್‌ಟಿಬಿಯ ಫಾರ್ಮ್. ಎಸ್ಕ್ರೋ ಅಧಿಕಾರಿ ಕಳಿಸುವ ದಪ್ಪ ಕಟ್ಟಿನಲ್ಲಿ ಇದೂ ಒಂದಾಗಿರುತ್ತದೆ. ನಲವತ್ತು ಪುಟದ ಮೇಲೆ ಸಹಿ ಮಾಡುವ ಭರದಲ್ಲಿ ಚೌಕಗಳನ್ನು ಖಾಲಿ ಬಿಟ್ಟರೆ ಅಲ್ಲಿಗೆ ಮುಗಿಯಿತು. ಎಸ್ಕ್ರೋದವರು ನಿಮ್ಮ ಪರವಾಗಿ ಊಹಿಸಿ ಗುರುತು ಹಾಕುವುದಿಲ್ಲ, ಕಾನೂನಿನಂತೆ ಹಣ ಹಿಡಿಯುತ್ತಾರೆ.

ಹೀಗೆ ಮಾಡಿ. ಕಟ್ಟು ಬಂದ ದಿನ 593 ಒಂದನ್ನು ಹೊರಗೆ ತೆಗೆಯಿರಿ. ಹೆಸರು, ಸೋಶಿಯಲ್ ಸೆಕ್ಯೂರಿಟಿ ನಂಬರ್ ಅಥವಾ ಐಟಿಐಎನ್ (ಅದಿಲ್ಲದವರ ತೆರಿಗೆ ಸಂಖ್ಯೆ), ಆಸ್ತಿಯ ವಿಳಾಸ ತುಂಬಿ. ಆ ನಂಬರ್ ಇಲ್ಲದ ಫಾರ್ಮಿಗೆ ಬೆಲೆ ಇಲ್ಲ. ಪೂರ್ಣ ವಿನಾಯಿತಿಯ ದೃಢೀಕರಣಗಳಿರುವ ಭಾಗಕ್ಕೆ ಹೋಗಿ. ಅಲ್ಲಿ ಮೊದಲನೆಯದು, ಈ ಆಸ್ತಿ ಸೆಕ್ಷನ್ 121ರ ಅರ್ಥದಲ್ಲಿ ನನ್ನ ಮುಖ್ಯ ವಾಸದ ಮನೆ ಎನ್ನುವುದು. ಹಂತ 1ರಲ್ಲಿ ಪಾಸಾದವರು ಇದಕ್ಕೆ ಗುರುತು ಹಾಕಬೇಕು. ಎರಡನೆಯದು, ಎರಡು ವರ್ಷದ ಷರತ್ತನ್ನು ಬದಿಗಿಟ್ಟು, ಕೊನೆಗೆ ಈ ಮನೆಯನ್ನು ಬಳಸಿದ್ದು ಮುಖ್ಯ ವಾಸಕ್ಕೇ ಎನ್ನುವುದು. ಎರಡು ವರ್ಷ ತುಂಬುವ ಮುಂಚೆ ಮಾರುವವರಿಗೆ ಇದು.

ಈ ಎರಡನೆಯ ಚೌಕವೇ ವಿತ್‌ಹೋಲ್ಡಿಂಗ್ ಬೇರೆ, ತೆರಿಗೆ ಬೇರೆ ಎಂಬುದಕ್ಕೆ ಸಾಕ್ಷಿ. ಅದಕ್ಕೆ ಗುರುತು ಹಾಕಿದರೆ ಎಸ್ಕ್ರೋ ಹಣ ಹಿಡಿಯುವುದಿಲ್ಲ, ಆದರೆ ಲಾಭಕ್ಕೆ ತೆರಿಗೆ ಬರಬಹುದು. ಮೊದಲನೆಯ ಚೌಕದಲ್ಲೂ ಅಷ್ಟೇ. ಲಾಭ 5 ಲಕ್ಷ ಮೀರಿದ್ದರೂ ಹಣ ಹಿಡಿಯುವುದಿಲ್ಲ, ಮೀರಿದ ಭಾಗದ ತೆರಿಗೆ ನಿಮ್ಮ ತಲೆಯ ಮೇಲೆಯೇ ಇರುತ್ತದೆ.

ಯಾವ ವಿನಾಯಿತಿಗೂ ಸೇರದವರಿಗೆ ಇನ್ನೊಂದು ದಾರಿ ಇದೆ. ಮಾರಾಟ ಬೆಲೆಯ 3⅓ ಶೇಕಡಾ ಬದಲು ಲಾಭದ 12.3 ಶೇಕಡಾ ಹಿಡಿಯುವಂತೆ ಅದೇ ಫಾರ್ಮಿನಲ್ಲಿ ಆಯ್ಕೆ ಮಾಡಬಹುದು. ಲಾಭ ಸಣ್ಣದಾಗಿದ್ದರೆ ಅದರಿಂದ ಸಾಕಷ್ಟು ಹಣ ಕೈಯಲ್ಲೇ ಉಳಿಯುತ್ತದೆ.

ಜಂಟಿ ರಿಟರ್ನ್ ಹಾಕುವ ದಂಪತಿಗೆ ಒಂದೇ ಫಾರ್ಮ್ ಸಾಕು. ಅಣ್ಣ, ಅಪ್ಪ ಸಹಮಾಲೀಕರಾಗಿದ್ದರೆ ಅವರಿಗೆ ಬೇರೆ ಬೇರೆ ಫಾರ್ಮ್. ಸಹಿ ಹಾಕಿದ ಪ್ರತಿಯನ್ನು ಎಸ್ಕ್ರೋಗೆ ಕಳಿಸಿ, "593 ತಲುಪಿದೆ, ವಿತ್‌ಹೋಲ್ಡಿಂಗ್ ಸೊನ್ನೆ" ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಆಮೇಲೆ ಅಂದಾಜು ಕ್ಲೋಸಿಂಗ್ ಸ್ಟೇಟ್‌ಮೆಂಟ್ ಬಂದಾಗ ಎಫ್‌ಟಿಬಿ ಎಂಬ ಸಾಲಿದೆಯೇ ನೋಡಿ. ಇದ್ದರೆ ಅಂದೇ ಫೋನ್ ಮಾಡಿ. ಎಸ್ಕ್ರೋ ಮುಗಿದ ಮೇಲೆ ಕೊಟ್ಟ ದೃಢೀಕರಣ ನಡೆಯುವುದಿಲ್ಲ.

ಸುಳ್ಳು ಗುರುತು ಹಾಕಬೇಡಿ. ಬಾಡಿಗೆ ಮನೆಯನ್ನು ವಾಸದ ಮನೆ ಎಂದು ತೋರಿಸಿದರೆ ದಂಡ ಬೀಳುತ್ತದೆ, ಸಹಿ ಹಾಕುವುದು ಪ್ರಮಾಣದ ಮೇಲೆ.

## ಹಂತ 6: 1099-ಎಸ್ ಬರುತ್ತದೆಯೇ ಕೇಳಿಕೊಳ್ಳಿ

ಅದೇ ಕಟ್ಟಿನಲ್ಲಿ ಇನ್ನೊಂದು ದೃಢೀಕರಣ ಇರುತ್ತದೆ, ಲಾಭ ಪೂರ್ತಿಯಾಗಿ ವಿನಾಯಿತಿಗೆ ಸೇರುತ್ತದೆ ಎಂದು ಪ್ರತಿ ಮಾಲೀಕರೂ ಹೇಳುವುದು. ಎಲ್ಲ ವಾಕ್ಯಗಳೂ ನಿಮಗೆ ನಿಜವಾದರೆ ಮಾತ್ರ ಸಹಿ ಹಾಕಿ. ಆಗ ಎಸ್ಕ್ರೋದವರು 1099-ಎಸ್ (ಮಾರಾಟದ ಮೊತ್ತವನ್ನು ಫೆಡರಲ್ ತೆರಿಗೆ ಇಲಾಖೆಗೆ ತಿಳಿಸುವ ಫಾರ್ಮ್) ಕೊಡಬೇಕಾಗಿಲ್ಲ. ಲಾಭ ಮಿತಿ ಮೀರಿದ್ದರೆ ಅಥವಾ ಡಿಪ್ರಿಸಿಯೇಶನ್ ಇದ್ದರೆ ಸಹಿ ಹಾಕಬೇಡಿ.

## ಹಂತ 7: ಮುಂಗಡ ತೆರಿಗೆ

ಹಂತ 4ರಲ್ಲಿ ತೆರಿಗೆ ಬೀಳುತ್ತದೆ ಎಂದು ಗೊತ್ತಾದವರು ಏಪ್ರಿಲ್‌ವರೆಗೆ ಕಾಯಬಾರದು, ಕಾದರೆ ದಂಡ. ಕ್ಯಾಲಿಫೋರ್ನಿಯಾದ ಕಂತುಗಳು ಫೆಡರಲ್‌ನಂತೆ ಸಮನಾಗಿಲ್ಲ: ಏಪ್ರಿಲ್‌ನಲ್ಲಿ 30 ಶೇಕಡಾ, ಜೂನ್‌ನಲ್ಲಿ 40, ಸೆಪ್ಟೆಂಬರ್‌ನಲ್ಲಿ ಸೊನ್ನೆ, ಮುಂದಿನ ಜನವರಿಯಲ್ಲಿ 30. ಕಟ್ಟುವುದು 540-ಇಎಸ್ ಫಾರ್ಮಿನ ಮೂಲಕ, ಅಥವಾ ಎಫ್‌ಟಿಬಿಯ ವೆಬ್ ಪೇ ಸೌಲಭ್ಯದಲ್ಲಿ. ಮನೆ ವರ್ಷದ ಕೊನೆಗೆ ಮಾರಿದ್ದರೆ, ಆದಾಯ ತಡವಾಗಿ ಬಂತೆಂದು ಫಾರ್ಮ್ 5805ರಲ್ಲಿ ತೋರಿಸಿದರೆ ಮೊದಲಿನ ಕಂತುಗಳಿಗೆ ದಂಡ ತಪ್ಪಿಸಬಹುದು.

"ಕಳೆದ ವರ್ಷದ ತೆರಿಗೆಯಷ್ಟು ಕಟ್ಟಿದರೆ ಸಾಕು" ಎಂಬ ಸುರಕ್ಷಿತ ದಾರಿ ಹಲವರಿಗೆ ಗೊತ್ತು. ಆದರೆ ಈ ವರ್ಷದ ಆದಾಯ 10 ಲಕ್ಷ ಡಾಲರ್ ಮುಟ್ಟಿದವರಿಗೆ ಕ್ಯಾಲಿಫೋರ್ನಿಯಾ ಆ ದಾರಿಯನ್ನು ಮುಚ್ಚಿದೆ. ಇಬ್ಬರ ಸಂಬಳ, ಆರ್‌ಎಸ್‌ಯು, ಮೇಲಿನ ಉದಾಹರಣೆಯ 6.1 ಲಕ್ಷ ಸೇರಿದರೆ ಅಲ್ಲಿಗೆ ತಲುಪುವುದು ಕಷ್ಟವೇನಲ್ಲ. ನನ್ನ ಸಲಹೆ: ಕ್ಲೋಸಿಂಗ್ ಹಣ ಬಂದ ವಾರವೇ ಅಂದಾಜು ತೆರಿಗೆಯನ್ನು ಪ್ರತ್ಯೇಕ ಖಾತೆಗೆ ಹಾಕಿಬಿಡಿ. ಹೊಸ ಮನೆಯ ಡೌನ್ ಪೇಮೆಂಟ್‌ಗೆ ಆ ಹಣ ಕಾಣಿಸದಿರಲಿ.

## ಹಂತ 8: ರಿಟರ್ನ್

ಲಾಭ ಪೂರ್ತಿ ವಿನಾಯಿತಿಗೆ ಸೇರಿ, 1099-ಎಸ್ ಕೂಡ ಬಂದಿಲ್ಲದಿದ್ದರೆ ತೋರಿಸುವ ಅಗತ್ಯವಿಲ್ಲ. 1099-ಎಸ್ ಬಂದಿದ್ದರೆ ತೆರಿಗೆ ಸೊನ್ನೆಯಾದರೂ ತೋರಿಸಲೇಬೇಕು. ಫೆಡರಲ್ ಫಾರ್ಮ್ 8949ರಲ್ಲಿ ಮಾರಾಟ, ಬೇಸಿಸ್ ಬರೆದು, ಎಚ್ ಎಂಬ ಕೋಡ್ ಹಾಕಿ ವಿನಾಯಿತಿ ಮೊತ್ತವನ್ನು ಋಣಾತ್ಮಕ ಸಂಖ್ಯೆಯಾಗಿ ಬರೆಯಬೇಕು. ಫೆಡರಲ್ ಮತ್ತು ರಾಜ್ಯದ ಬೇಸಿಸ್ ಒಂದೇ ಆಗಿದ್ದರೆ ಕ್ಯಾಲಿಫೋರ್ನಿಯಾದ ರಿಟರ್ನ್ ಆದ ಫಾರ್ಮ್ 540ಕ್ಕೆ ಅದೇ ಅಂಕಿ ಹರಿದುಬರುತ್ತದೆ. ಡಿಪ್ರಿಸಿಯೇಶನ್ ವ್ಯತ್ಯಾಸ ಇದ್ದವರು ಕ್ಯಾಲಿಫೋರ್ನಿಯಾದ ಶೆಡ್ಯೂಲ್ ಡಿ ತುಂಬಬೇಕು. ಹಣ ಹಿಡಿದುಬಿಟ್ಟಿದ್ದರೆ 593ರ ಪ್ರತಿಯನ್ನು ಜೋಡಿಸಿ, 540ರಲ್ಲಿ ರಿಯಲ್ ಎಸ್ಟೇಟ್ ವಿತ್‌ಹೋಲ್ಡಿಂಗ್‌ಗೆ ಇರುವ ಸಾಲಿನಲ್ಲೇ ಬರೆಯಿರಿ. ಸಂಬಳದ ವಿತ್‌ಹೋಲ್ಡಿಂಗ್ ಸಾಲಿಗೆ ಸೇರಿಸಿದರೆ ರಿಫಂಡ್ ಸಿಕ್ಕಿಹಾಕಿಕೊಳ್ಳುತ್ತದೆ.

## ಎರಡು ವರ್ಷ ತುಂಬದಿದ್ದರೆ

ಕೆಲಸ, ಆರೋಗ್ಯ, ಇಲ್ಲವೇ ಮುಂಗಾಣದ ಸಂದರ್ಭ (ವಿಚ್ಛೇದನ, ಅವಳಿ ಮಕ್ಕಳ ಜನನ ಮುಂತಾದವು) ಕಾರಣವಾಗಿ ಮಾರಿದರೆ ಭಾಗಶಃ ವಿನಾಯಿತಿ ಇದೆ. ಕೆಲಸದ ಕಾರಣಕ್ಕೆ ಸಾಮಾನ್ಯ ಅಳತೆಗೋಲು, ಹೊಸ ಕೆಲಸದ ಜಾಗ ಹಳೆಯದಕ್ಕಿಂತ ಮನೆಯಿಂದ 50 ಮೈಲಿ ಹೆಚ್ಚು ದೂರ ಇರಬೇಕು. 15 ತಿಂಗಳು ವಾಸವಿದ್ದರೆ 24ರಲ್ಲಿ 15 ಪಾಲು, ಒಬ್ಬರಿಗೆ 1,56,250 ಡಾಲರ್, ದಂಪತಿಗೆ 3,12,500. ಕಡಿತವಾಗುವುದು ಮಿತಿ, ನಿಮ್ಮ ಲಾಭವಲ್ಲ. 15 ತಿಂಗಳಲ್ಲಿ 90 ಸಾವಿರ ಲಾಭ ಬಂದಿದ್ದರೆ ಅದು ಪೂರ್ತಿ ಬಿಟ್ಟುಹೋಗುತ್ತದೆ. ಇದನ್ನು ತಿಳಿಯದೆ ಸುಮ್ಮನೆ ತೆರಿಗೆ ಕಟ್ಟಿದವರು ಬಹಳ.

## ಸಂಗಾತಿ ತೀರಿಕೊಂಡ ಮೇಲೆ ಮಾರುವುದಾದರೆ

ಇಲ್ಲಿ ಎರಡು ದೊಡ್ಡ ರಕ್ಷಣೆಗಳಿವೆ, ದುಃಖದಲ್ಲಿ ಎರಡೂ ಕೈತಪ್ಪುತ್ತವೆ. ತೀರಿಕೊಂಡ ದಿನದಿಂದ ಎರಡು ವರ್ಷದೊಳಗೆ, ಮರುಮದುವೆಯಾಗದೆ ಮಾರಿದರೆ 5 ಲಕ್ಷದ ಮಿತಿಯೇ ಸಿಗುತ್ತದೆ. ಅದಕ್ಕಿಂತ ದೊಡ್ಡದು, ಕ್ಯಾಲಿಫೋರ್ನಿಯಾ ಕಮ್ಯುನಿಟಿ ಪ್ರಾಪರ್ಟಿ ರಾಜ್ಯ, ಅಂದರೆ ಮದುವೆಯ ನಂತರ ಗಳಿಸಿದ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸಮಪಾಲು. ಮನೆ ದಂಪತಿಯ ಕಮ್ಯುನಿಟಿ ಪ್ರಾಪರ್ಟಿ ಆಗಿದ್ದರೆ ಇಬ್ಬರ ಪಾಲಿನ ಬೇಸಿಸ್ ಕೂಡ ಆ ದಿನದ ಮಾರುಕಟ್ಟೆ ಬೆಲೆಗೆ ಏರುತ್ತದೆ. ಲಾಭ ಬಹುತೇಕ ಮಾಯವಾಗಬಹುದು. ಇದಕ್ಕೆ ಬೇಕಾದದ್ದು ಆ ತಾರೀಕಿನ ಬೆಲೆ ಹೇಳುವ ಅಪ್ರೈಸಲ್. ಹತ್ತಿರದವರು ಯಾರಾದರೂ ಈ ಸ್ಥಿತಿಯಲ್ಲಿದ್ದರೆ ಅವರ ಬದಲು ನೀವೇ ನಿಂತು ಮಾಡಿಸಿಕೊಡಿ. ಡೀಡ್‌ನಲ್ಲಿ ಒಡೆತನ ಯಾವ ಬಗೆಯದು ಎಂಬುದನ್ನು ಈಗ ಆರೋಗ್ಯವಾಗಿರುವ ದಂಪತಿಗಳೂ ಒಮ್ಮೆ ವಕೀಲರಿಗೆ ತೋರಿಸಿ.

## ಬೇರೆ ರಾಜ್ಯದಲ್ಲಿರುವವರಿಗೆ

ನ್ಯೂಜೆರ್ಸಿಯಲ್ಲಿ 593ರ ಜಾಗದಲ್ಲಿ ಜಿಐಟಿ/ಆರ್‌ಇಪಿ-3 ಇದೆ. ಮುಖ್ಯ ವಾಸದ ಮನೆ ಎಂಬ ಚೌಕ ಅದರಲ್ಲೂ ಇದೆ, ಇದಿಲ್ಲದೆ ಡೀಡ್ ದಾಖಲಾಗುವುದಿಲ್ಲ. ರಾಜ್ಯ ಬಿಟ್ಟು ಹೋಗುವವರು "ಎಕ್ಸಿಟ್ ಟ್ಯಾಕ್ಸ್" ಎಂದು ಹೆದರುವುದು ಇದರ ಸೋದರ ಫಾರ್ಮಿನಲ್ಲಿ ಕಟ್ಟಿಸಿಕೊಳ್ಳುವ ಮುಂಗಡಕ್ಕೆ, ಕನಿಷ್ಠ ಬೆಲೆಯ 2 ಶೇಕಡಾ. ಅದು ಪ್ರತ್ಯೇಕ ತೆರಿಗೆಯಲ್ಲ. ಪೆನ್ಸಿಲ್ವೇನಿಯಾ ಎಲ್ಲರಿಗಿಂತ ಉದಾರಿ, ಐದರಲ್ಲಿ ಎರಡು ವರ್ಷದ ಷರತ್ತು ಪೂರೈಸಿದರೆ ಲಾಭಕ್ಕೆ ಡಾಲರ್ ಮಿತಿಯೇ ಇಲ್ಲ. ಟೆಕ್ಸಾಸ್, ಫ್ಲೋರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ವಾಷಿಂಗ್ಟನ್ ರಾಜ್ಯದ ಕ್ಯಾಪಿಟಲ್ ಗೇನ್ಸ್ ತೆರಿಗೆಗೆ ರಿಯಲ್ ಎಸ್ಟೇಟ್ ಸೇರುವುದಿಲ್ಲ. ಆದರೆ ಕ್ಯಾಲಿಫೋರ್ನಿಯಾದ ಮನೆಯನ್ನು ಡಲ್ಲಾಸ್‌ಗೆ ಹೋದ ಮೇಲೆ ಮಾರಿದರೂ ಆ ಲಾಭ ಕ್ಯಾಲಿಫೋರ್ನಿಯಾದ್ದೇ, ಅನಿವಾಸಿಗಳ ರಿಟರ್ನ್ ಆದ 540ಎನ್‌ಆರ್ ಹಾಕಬೇಕು.

## ಊರಿಗೆ ಹಿಂತಿರುಗುವವರಿಗೆ

ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಹೋಗುವವರು ಮನೆ ಬಿಟ್ಟ ದಿನವನ್ನು ಬರೆದಿಡಿ. ಅಲ್ಲಿಂದ 3 ವರ್ಷ ದಾಟಿದರೆ 5 ವರ್ಷದ ಕಿಟಕಿಯಲ್ಲಿ 24 ತಿಂಗಳು ಉಳಿಯುವುದಿಲ್ಲ, ವಿನಾಯಿತಿ ಪೂರ್ತಿ ಹೋಗುತ್ತದೆ. ಬಾಡಿಗೆದಾರರು ಬಿಡುವುದು, ಮನೆ ಸಿದ್ಧ ಮಾಡುವುದು, ಎಸ್ಕ್ರೋ ಎಲ್ಲಕ್ಕೂ ಸಮಯ ಬೇಕು. ಎರಡೂವರೆ ವರ್ಷಕ್ಕೇ ಲಿಸ್ಟ್ ಮಾಡುವ ಗುರಿ ಇಟ್ಟುಕೊಳ್ಳಿ.

ವೀಸಾ ಮೇಲಿದ್ದು ಹಿಂತಿರುಗಿ ಅಮೆರಿಕದ ತೆರಿಗೆ ನಿವಾಸಿ ಸ್ಥಾನ ಕಳೆದುಕೊಂಡವರಿಗೆ ಫರ್ಪ್ಟಾ (ವಿದೇಶಿಯರು ಆಸ್ತಿ ಮಾರಿದಾಗ ತೆರಿಗೆಗೆ ಹಣ ಹಿಡಿಯುವ ಫೆಡರಲ್ ಕಾಯ್ದೆ) ನಿಯಮದಡಿ ಕೊಳ್ಳುವವರು ಸಾಮಾನ್ಯವಾಗಿ ಬೆಲೆಯ 15 ಶೇಕಡಾ ಹಿಡಿಯಬೇಕು. ಕಡಿಮೆ ಹಿಡಿಯಲು ಫಾರ್ಮ್ 8288-ಬಿ ಅರ್ಜಿಯನ್ನು ಕ್ಲೋಸಿಂಗ್ ದಿನದೊಳಗೆ ಹಾಕಬೇಕು. ಅಂಥವರಿಗೆ ಸಾಮಾನ್ಯವಾಗಿ ಜಂಟಿ ರಿಟರ್ನ್ ಅವಕಾಶವೂ ಇಲ್ಲ. ತಲಾ 2.5 ಲಕ್ಷ ಪಡೆಯಲು ಇಬ್ಬರ ಹೆಸರೂ ಡೀಡ್‌ನಲ್ಲಿರುವುದು ಒಳ್ಳೆಯದು. ಅಮೆರಿಕದ ನಾಗರಿಕರಾದವರಿಗೆ ಫರ್ಪ್ಟಾ ಇಲ್ಲ.

ಭಾರತದ ಕಡೆಯ ಗಡಿಯಾರವೂ ಓಡುತ್ತಿರುತ್ತದೆ. ಹಿಂತಿರುಗಿದ ಮೊದಲ ಕೆಲವು ವರ್ಷ ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ ಎಂಬ) ಸ್ಥಾನ ಇರುವವರೆಗೆ ಹೊರದೇಶದ ಲಾಭಕ್ಕೆ ಭಾರತದಲ್ಲಿ ತೆರಿಗೆ ಇಲ್ಲ. ಅದು ಮುಗಿದು ಸಾಮಾನ್ಯ ನಿವಾಸಿಯಾದ ಮೇಲೆ ಮಾರಿದರೆ ಪೂರ್ತಿ ಲಾಭ ಭಾರತದ ಲೆಕ್ಕಕ್ಕೂ ಬರುತ್ತದೆ. ಅಮೆರಿಕ ಬಿಟ್ಟುಕೊಟ್ಟ 5 ಲಕ್ಷವನ್ನು ಭಾರತ ಬಿಡುವುದಿಲ್ಲ. ಮಾರಾಟದ ಹಣ ಮೊದಲು ಅಮೆರಿಕದ ಬ್ಯಾಂಕ್ ಖಾತೆಗೇ ಬರಲಿ, ಆಮೇಲೆ ಊರಿಗೆ ಕಳಿಸಿ. ನೇರವಾಗಿ ಭಾರತದಲ್ಲಿ ಸ್ವೀಕರಿಸಿದ ಆದಾಯಕ್ಕೆ ಆರ್‌ಎನ್‌ಒಆರ್ ರಕ್ಷಣೆ ಇಲ್ಲ.

ಹೊರಡುವಾಗ ಕಾಗದದ ಫೋಲ್ಡರನ್ನು ಸ್ಕ್ಯಾನ್ ಮಾಡಿ ಒಯ್ಯಿರಿ. ರಿಟರ್ನ್ ಹಾಕಿದ ಮೇಲೂ ಎಫ್‌ಟಿಬಿಗೆ ಪ್ರಶ್ನಿಸಲು ಸಾಮಾನ್ಯವಾಗಿ 4 ವರ್ಷ ಸಮಯ ಇರುತ್ತದೆ, ಫೆಡರಲ್‌ಗಿಂತ ಒಂದು ವರ್ಷ ಹೆಚ್ಚು. ಅವರ ನೋಟಿಸ್ ಅಂಚೆಯಲ್ಲಿ, ರಿಟರ್ನ್‌ನಲ್ಲಿರುವ ವಿಳಾಸಕ್ಕೆ ಬರುತ್ತದೆ. ಮಾರಿದ ಮನೆಯ ವಿಳಾಸವೇ ಅವರ ದಾಖಲೆಯಲ್ಲಿ ಉಳಿದಿದ್ದರೆ ಆ ಪತ್ರ ಹೊಸ ಮಾಲೀಕರ ಡಬ್ಬಕ್ಕೆ ಬಿದ್ದು ಉತ್ತರದ ಗಡುವು ಮುಗಿದುಹೋಗುತ್ತದೆ. ಹಾಗಾಗಿ ಕೀ ಕೊಟ್ಟ ವಾರವೇ ಎಫ್‌ಟಿಬಿಗೆ ಮತ್ತು ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಹೊಸ ವಿಳಾಸ ತಿಳಿಸಿ.